ಬಾವಿಯ ನೀರು, ಅಮೆಝಾನಿನ ಮೀನು

ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರ ನಡುವೆ ಡಿಸ್ಕಸ್ ಎಂಬ ಮೀನಿಗೆ ಒಂದು ವಿಶೇಷ ಸ್ಥಾನವುಂಟು. ಅದನ್ನು ತೊಟ್ಟಿಗಳ ರಾಜನೆಂದೇ ಕರೆಯುವವರಿದ್ದಾರೆ. ಗಪ್ಪಿ, ಮೋಲಿ, ಏಂಜಲ್ ಮೊದಲಾದ ಮೀನುಗಳನ್ನು ಸಾಕಿ ಕೈ ಪಳಗಿದವರು ಒಂದಲ್ಲ ಒಂದು ದಿನ ಇದರತ್ತ ಕಣ್ಣು ಹಾಯಿಸುತ್ತಾರೆ. ಬೆಲೆಯನ್ನು ಕೇಳಿ ಹಿಂಜರಿಯುತ್ತಾರೆ. ‘ಅದು ನಮ್ಮಂಥವರ ಕೈಯಲ್ಲಿ ಬದುಕುವ ಮೀನಲ್ಲ’ ಎಂಬ ಮಾತನ್ನು ಯಾರಿಂದಲೋ ಕೇಳಿ ಸುಮ್ಮನಾಗುತ್ತಾರೆ. ಈ ಹೆದರಿಕೆಯಲ್ಲಿ ಸತ್ಯವೂ ಇದೆ, ಉತ್ಪ್ರೇಕ್ಷೆಯೂ ಇದೆ. ಕಷ್ಟವಿರುವುದು ಮೀನಿನಲ್ಲಿ ಅಲ್ಲ, ನೀರಿನಲ್ಲಿ. ನೀರನ್ನು ಅರಿತವನಿಗೆ ಈ ಮೀನು ಒಲಿಯುತ್ತದೆ. ನೀರನ್ನು ಅರಿಯದವನಿಗೆ ಎಷ್ಟು ಹಣವನ್ನು ಸುರಿದರೂ ಒಲಿಯುವುದಿಲ್ಲ.

ನಾನು ಕುಂಬ್ರದವನು. ಪುತ್ತೂರಿನಿಂದ ಸುಳ್ಯದ ಕಡೆಗೆ, ಮಾಣಿ–ಮೈಸೂರು ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರಿನಷ್ಟು ಬಂದರೆ ಸಿಗುವ ಪೇಟೆ ಅದು. ಸುತ್ತಲೂ ಅಡಕೆ ತೋಟ, ಗುಡ್ಡೆಗಳ ಮೇಲೆ ಗೇರು ಮತ್ತು ರಬ್ಬರು, ಕಾಲಡಿಯಲ್ಲಿ ಮುರಕಲ್ಲು. ಹತ್ತು ಸಾವಿರ ಕಿಲೋಮೀಟರುಗಳಿಗೂ ಆಚೆಯ ಒಂದು ಮೀನಿಗೂ ನಮ್ಮ ಮುರಕಲ್ಲಿನ ಬಾವಿಗೂ ಇರುವ ನಂಟನ್ನು ಹೇಳಿ, ಮೊದಲ ಬಾರಿಗೆ ಡಿಸ್ಕಸ್ ತರಬೇಕೆಂದಿರುವವರಿಗೆ ಕೆಲವು ತಿಳಿವಳಿಕೆಯ ಮಾತುಗಳನ್ನು ಆಡುವುದು ಈ ಭಾಷಣದ ಉದ್ದೇಶ.

ಹೆಸರೇ ಹೇಳುವಂತೆ ಡಿಸ್ಕಸ್ ತಟ್ಟೆಯ ಆಕಾರದ ಮೀನು. ಎರಡು ಬದಿಗಳಿಂದ ಒತ್ತಿ ಚಪ್ಪಟೆ ಮಾಡಿದಂಥ ದೇಹ. ಬೆಳೆದಾಗ 15ರಿಂದ 20 ಸೆಂಟಿಮೀಟರು ಅಗಲ. ಇದರ ತವರು ದಕ್ಷಿಣ ಅಮೆರಿಕದ ಅಮೆಝಾನ್ ನದಿಯ ಬಯಲು. ವಿಯೆನ್ನಾದ ಜೀವಿಶಾಸ್ತ್ರಜ್ಞ ಯೋಹಾನ್ ಯಾಕೋಬ್ ಹೆಕೆಲ್ 1840ರಲ್ಲಿ ಇದನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿ ಸಿಂಫಿಸೋಡಾನ್ ಡಿಸ್ಕಸ್ ಎಂಬ ಹೆಸರನ್ನಿಟ್ಟನು. ರಿಯೋ ನೆಗ್ರೊ ಎಂಬ ಕಪ್ಪು ನೀರಿನ ನದಿಯಿಂದ ಸಂಗ್ರಹವಾಗಿದ್ದ ಮೀನು ಅದು. 1904ರಲ್ಲಿ ಫ್ರಾನ್ಸಿನ ಪೆಲ್ಲೆಗ್ರಾಂ ಇನ್ನೊಂದು ಬಗೆಯನ್ನು ವರ್ಣಿಸಿದನು. ಹಸಿರು, ನೀಲಿ, ಕಂದು ಎಂದು ಸಾಕುವವರು ಇಂದು ಕರೆಯುವ ಕಾಡುಮೀನುಗಳೆಲ್ಲ ಈ ಕುಲದವೇ. ಕಾಡು ಮುಳುಗುವ ಮಳೆಗಾಲದಲ್ಲಿ ಮರದ ಬೇರು, ಬಿದ್ದ ಕೊಂಬೆಗಳ ನಡುವೆ ಗುಂಪಾಗಿ ವಾಸಿಸುವ ಸಾಧು ಸ್ವಭಾವದ ಜೀವಿ ಇದು.

ಡಿಸ್ಕಸ್ ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದೆ. ಈ ಕುಟುಂಬದ ಮೂರೇ ಮೂರು ಜಾತಿಗಳು ಭಾರತದ ಸ್ವಂತ ಮೀನುಗಳು. ಅವುಗಳಲ್ಲಿ ಒಂದು ನಮ್ಮದೇ ಜಿಲ್ಲೆಯ ಹೆಸರನ್ನು ಹೊತ್ತುಕೊಂಡಿದೆ: ಎಟ್ರೋಪ್ಲಸ್ ಕನರೆನ್ಸಿಸ್. ಫ್ರಾನ್ಸಿಸ್ ಡೇ ಎಂಬ ಬ್ರಿಟಿಷ್ ವಿದ್ವಾಂಸನು 1877ರಲ್ಲಿ ದಕ್ಷಿಣ ಕನ್ನಡದ ಹೊಳೆಯ ಮೀನೆಂದು ಇದನ್ನು ವರ್ಣಿಸಿದನು. ನೇತ್ರಾವತಿ–ಕುಮಾರಧಾರಾ ನದಿಗಳ ಸೀಮೆಯನ್ನು ಬಿಟ್ಟರೆ ಲೋಕದಲ್ಲಿ ಬೇರೆಡೆ ಅದಕ್ಕೆ ನೆಲೆ ಇಲ್ಲವೆಂದೇ ಹೇಳಬೇಕು. ಹೀಗೆ ಅಮೆಝಾನಿನ ಅತಿಥಿಗೆ ನಮ್ಮ ಹೊಳೆಯಲ್ಲಿ ದೂರದ ದಾಯಾದಿಗಳಿದ್ದಾರೆ. ಈ ಮಾತನ್ನು ಕೊನೆಯಲ್ಲಿ ಮತ್ತೊಮ್ಮೆ ನೆನಪಿಸಬೇಕಾಗುತ್ತದೆ.

ಈಗ ನೀರಿನ ವಿಚಾರಕ್ಕೆ ಬರೋಣ. ನೀರಿನ ಹುಳಿತನವನ್ನು ಅಳೆಯಲು ಪಿ.ಎಚ್. ಎಂಬ ಅಳತೆಯನ್ನು ಬಳಸುತ್ತಾರೆ. 7 ಎಂಬುದು ಸಮ. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದು ಅಂಕೆ ಇಳಿದರೆ ಹುಳಿತನ ಹತ್ತು ಪಟ್ಟು ಏರಿತೆಂದು ಅರ್ಥ. ಡಿಸ್ಕಸಿನ ತವರಿನ ನೀರು ಆಮ್ಲಗುಣದ್ದು, ಸುಣ್ಣದ ಅಂಶ ಬಹಳ ಕಡಿಮೆ ಇರುವ ಮೆದು ನೀರು. ಬಯಲುಸೀಮೆಯ ಅನೇಕ ಕಡೆಗಳಲ್ಲಿ ಕೊಳವೆಬಾವಿಯ ನೀರು ಗಡಸು; ಅಲ್ಲಿನವರು ಈ ಮೀನಿನ ಸಂತಾನ ಬೆಳೆಸಬೇಕಾದರೆ ನೀರನ್ನು ಯಂತ್ರದಿಂದ ಸೋಸಿ ಮೆದುಗೊಳಿಸಬೇಕಾಗುತ್ತದೆ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿದ ಮಳೆ ಸುರಿಯುತ್ತದೆ. ಕೋಟ್ಯಂತರ ಮಳೆಗಾಲಗಳು ಸುಣ್ಣವನ್ನು ತೊಳೆದೊಯ್ದು, ಕಬ್ಬಿಣವನ್ನೂ ಅಲ್ಯುಮಿನಿಯಮನ್ನೂ ಉಳಿಸಿದ ಕಲ್ಲೇ ಮುರಕಲ್ಲು. ಅದರೊಳಗಿಂದ ಒಸರುವ ತೆರೆದ ಬಾವಿಯ ನೀರಾಗಲಿ, ಸುರಂಗದ ನೀರಾಗಲಿ ಸಹಜವಾಗಿಯೇ ಮೆದು, ಸಹಜವಾಗಿಯೇ ಹುಳಿ. ಪಿ.ಎಚ್. 6ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಬೇರೆಯವರು ಹಣ ಕೊಟ್ಟು ತಯಾರಿಸುವ ನೀರು ನಮಗೆ ಹಗ್ಗ–ಕೊಡಪಾನಕ್ಕೆ ಸಿಗುತ್ತದೆ.

ಆದರೆ ಇದನ್ನು ಕೇಳಿ ಉಬ್ಬಬೇಕಾಗಿಲ್ಲ. ಮೆದು ನೀರಿಗೆ ಒಂದು ದೌರ್ಬಲ್ಯವಿದೆ: ಅದಕ್ಕೆ ತಾಳಿಕೆ ಇಲ್ಲ. ಮೀನಿನ ಮಲಮೂತ್ರಗಳಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಸೋಸುಕದಲ್ಲಿ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಮೊದಲಿನ ಎರಡೂ ವಿಷ. ಮೂರನೆಯದು ಮಿತಿಯಲ್ಲಿದ್ದರೆ ನಿರುಪದ್ರವಿ. ಈ ಕ್ರಿಯೆಯಲ್ಲಿ ಆಮ್ಲ ಉತ್ಪನ್ನವಾಗುತ್ತದೆ. ಗಡಸು ನೀರಿನಲ್ಲಿರುವ ಸುಣ್ಣ ಆ ಆಮ್ಲವನ್ನು ನುಂಗಿಕೊಳ್ಳುತ್ತದೆ. ನಮ್ಮ ನೀರಿನಲ್ಲಿ ನುಂಗುವುದಕ್ಕೆ ಏನೂ ಇಲ್ಲ. ಆದುದರಿಂದ ಪಿ.ಎಚ್. ಸದ್ದಿಲ್ಲದೆ ಇಳಿಯುತ್ತ ಹೋಗುತ್ತದೆ. 6ಕ್ಕಿಂತ ಕೆಳಗೆ ಇಳಿದಾಗ ಆ ಬ್ಯಾಕ್ಟೀರಿಯಾಗಳ ಕೆಲಸವೇ ಕುಂಠಿತವಾಗಿ ಅಮೋನಿಯಾ ಸೇರತೊಡಗುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ; ಒಂದು ವಿಷಕಾರಿ, ಇನ್ನೊಂದು ಹೆಚ್ಚುಕಡಿಮೆ ಸೌಮ್ಯ. 30 ಡಿಗ್ರಿ ಉಷ್ಣತೆಯ ನೀರಿನ ಪಿ.ಎಚ್. 8 ಆಗಿದ್ದರೆ ಒಟ್ಟು ಅಮೋನಿಯಾದ ಶೇಕಡಾ 7ರಷ್ಟು ವಿಷರೂಪದಲ್ಲಿರುತ್ತದೆ. 6 ಆಗಿದ್ದರೆ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಹುಳಿ ನೀರು ಮೀನನ್ನು ಕಾಪಾಡುತ್ತಿರುತ್ತದೆ. ಪಿ.ಎಚ್. ತಗ್ಗಿತೆಂದು ಗಾಬರಿಯಾಗಿ ತೊಟ್ಟಿಗೆ ಅಡುಗೆ ಸೋಡಾವನ್ನೋ ಸುಣ್ಣವನ್ನೋ ಹಾಕಿದರೆ, ಸೌಮ್ಯವಾಗಿದ್ದುದು ಒಮ್ಮೆಲೇ ವಿಷವಾಗಿ ಮೀನುಗಳು ಗಂಟೆಗಳೊಳಗೆ ಸಾಯಬಹುದು. ಔಷಧವೇ ಕೊಲ್ಲುವ ಸನ್ನಿವೇಶ ಇದು. ಸರಿಯಾದ ದಾರಿಯೆಂದರೆ ನೀರನ್ನು ಸ್ವಲ್ಪ ಸ್ವಲ್ಪವಾಗಿ, ಹಲವು ದಿನ, ಹೊಸ ನೀರಿನಿಂದ ಬದಲಾಯಿಸುವುದು. ಮುಂಜಾಗರೂಕತೆಯಾಗಿ, ಕರಾವಳಿಯವರಾದ ನಮಗೆ ಸುಲಭವಾಗಿ ಸಿಗುವ ಮರುವಾಯಿ ಚಿಪ್ಪುಗಳನ್ನು ಕುದಿಸಿ ತೊಳೆದು, ಒಂದು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ ಸೋಸುಕದಲ್ಲಿ ಇಡಬಹುದು. ನೀರು ಹೆಚ್ಚು ಹುಳಿಯಾದಂತೆ ಚಿಪ್ಪು ಹೆಚ್ಚು ಕರಗುತ್ತದೆ. ಹುಳಿ ತಗ್ಗಿದಾಗ ಕರಗುವುದನ್ನು ತಾನೇ ನಿಧಾನಿಸುತ್ತದೆ.

ಸೇದಿದ ಕೂಡಲೇ ಬಾವಿಯ ನೀರನ್ನು ತೊಟ್ಟಿಗೆ ಸುರಿಯಕೂಡದು. ನೆಲದೊಳಗಿನ ನೀರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿ, ಗಾಳಿಯ ಪಂಪಿನಿಂದ ಒಂದು ರಾತ್ರಿ ಗುಳ್ಳೆ ಹಾಯಿಸಿದರೆ ಅನಿಲ ಹೊರಹೋಗಿ ಪಿ.ಎಚ್. ತುಸು ಏರಿ ನಿಲ್ಲುತ್ತದೆ. ಅಳೆಯಬೇಕಾದುದು ಆ ನಿಂತ ನೀರನ್ನು. ಕಬ್ಬಿಣದ ಅಂಶವಿದ್ದರೆ ಅದೂ ಕೆಂಪಗೆ ತಳಕ್ಕೆ ಇಳಿಯುತ್ತದೆ. ನಲ್ಲಿ ನೀರು ಬಳಸುವ ಪೇಟೆಯವರು ಅದರಲ್ಲಿರುವ ಕ್ಲೋರಿನನ್ನು ತಪ್ಪದೆ ಕಳೆಯಬೇಕು. ಅದು ಮೀನಿನ ಕಿವಿರನ್ನು ಸುಡುತ್ತದೆ.

ತೋಟದ ನಡುವೆ ಇರುವವರು ನೆನಪಿಡಲೇಬೇಕಾದ ಅಪಾಯವೊಂದಿದೆ. ಅಡಕೆಯ ಕೊಳೆರೋಗಕ್ಕೆ ನಾವು ಮಳೆಗಾಲದ ಹೊಸ್ತಿಲಲ್ಲಿ ಒಮ್ಮೆ, ಆಮೇಲೆ ನಲ್ವತ್ತು–ನಲ್ವತ್ತೈದು ದಿನಗಳಿಗೆ ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಎಂದರೆ ತಾಮ್ರ. ತಾಮ್ರ ಮೀನಿಗೆ ಕಡು ವಿಷ. ಅದರಲ್ಲಿಯೂ ಮೆದು ನೀರಿನಲ್ಲಿ ಅದರ ಉಗ್ರತೆ ಹಲವು ಪಟ್ಟು ಹೆಚ್ಚು. ಆದುದರಿಂದ ಮದ್ದು ಬಿಡುವ ದಿನಗಳಲ್ಲಿ ನೀರಿನ ಡ್ರಮ್ಮು ಮುಚ್ಚಿರಲಿ. ಬಾವಿಕಟ್ಟೆಯ ಬಳಿ ದ್ರಾವಣ ಬೆರೆಸುವುದು ಬೇಡ. ಮದ್ದು ಬಿಟ್ಟ ಕೈಯನ್ನು ಸಾಬೂನಿನಿಂದ ತೊಳೆದರೂ ಅಂದು ತೊಟ್ಟಿಗೆ ಇಳಿಸದಿರುವುದೇ ಲೇಸು. ಇದೇ ಕಾರಣಕ್ಕಾಗಿ ಬಚ್ಚಲುಮನೆಯ ತಾಮ್ರದ ಹಂಡೆಯ ಬಿಸಿನೀರನ್ನು ತೊಟ್ಟಿಗೆ ಬೆರೆಸಬಾರದು. ಹುಳಿ ನೀರು ಹಂಡೆಯಿಂದ ತಾಮ್ರವನ್ನು ಎಳೆದುಕೊಳ್ಳುತ್ತದೆ. ನಮಗೆ ಒಳ್ಳೆಯದೆಂದು ಹಿರಿಯರು ನಂಬಿದ ಪಾತ್ರೆ ಮೀನಿಗೆ ಮೃತ್ಯು.

ತೊಟ್ಟಿಯ ವಿಚಾರದಲ್ಲಿ ಜಿಪುಣತನ ಸಲ್ಲದು. ಬೆಳೆದ ಮೀನೊಂದಕ್ಕೆ 40 ಲೀಟರ್ ನೀರೆಂಬುದು ಬಹುಕಾಲದಿಂದ ಬಂದ ಲೆಕ್ಕ. 120 ಸೆಂಟಿಮೀಟರು ಉದ್ದ, 45 ಅಗಲ, 50 ಎತ್ತರದ ತೊಟ್ಟಿಯಲ್ಲಿ ಸುಮಾರು 240 ಲೀಟರ್ ನೀರು ನಿಲ್ಲುತ್ತದೆ. ಆರು ಮೀನುಗಳಿಗೆ ಅದು ಸಾಕು. ನೀರಿನ ಭಾರವೇ ಕಾಲು ಟನ್ನಿನಷ್ಟಾಗುವುದರಿಂದ ಅದನ್ನು ಹೊರುವ ಮೇಜು ಗಟ್ಟಿಯಾಗಿರಬೇಕು. ಮೊದಲ ಬಾರಿಗೆ ಸಾಕುವವರು ತಳದಲ್ಲಿ ಮರಳು, ಗಿಡ, ಬೊಂಬೆ ಮುಂತಾದ ಅಲಂಕಾರಗಳನ್ನು ಬಿಡುವುದು ಒಳ್ಳೆಯದು. ಬರಿಯ ಗಾಜಿನ ತಳವಿದ್ದರೆ ಕಸ ಕಾಣುತ್ತದೆ. ಕಂಡ ಕಸವನ್ನು ತೆಗೆಯಬಹುದು. ಮೀನು ತರುವುದಕ್ಕೆ ನಾಲ್ಕರಿಂದ ಆರು ವಾರಗಳ ಮೊದಲೇ ತೊಟ್ಟಿಯನ್ನು ನಡೆಸಿ, ಸೋಸುಕದಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳುವಂತೆ ಮಾಡಬೇಕು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಎಂದು ಪರೀಕ್ಷೆಯ ಹನಿಗಳು ತೋರಿಸುವವರೆಗೆ ಮೀನಿನ ಅಂಗಡಿಯ ಕಡೆ ತಲೆಹಾಕದಿರುವುದೇ ಸಂಯಮ.

ಡಿಸ್ಕಸಿಗೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸುಪು ಬೇಕು. ನಮ್ಮದು ಸೆಕೆಯ ಸೀಮೆಯಲ್ಲವೆ, ಹೀಟರು ಏತಕ್ಕೆ ಎಂದು ಕೇಳುವವರುಂಟು. ಏಪ್ರಿಲಿನಲ್ಲಿ ಅದರ ಅಗತ್ಯ ಬೀಳದು. ಆಟಿಯ ಮಳೆಯ ಹೊತ್ತಿಗೂ ಡಿಸೆಂಬರ್–ಜನವರಿಯ ಬೆಳಗಿನ ಚಳಿಗೂ ಅದು ಬೇಕೇ ಬೇಕು. ಒಂದೇ ದೊಡ್ಡ ಹೀಟರಿಗಿಂತ 150 ವಾಟಿನ ಎರಡು ಮೇಲು. ಒಂದು ಕೆಟ್ಟು ನಿಂತರೆ ಇನ್ನೊಂದು ಕಾಯುತ್ತದೆ, ಒಂದು ಆರದೆ ಉರಿಯುತ್ತಲೇ ಉಳಿದರೂ ನೀರು ಬೇಗ ಕಾದು ಅನರ್ಥವಾಗದು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದು, ವಿದ್ಯುತ್ತು ಗಂಟೆಗಟ್ಟಲೆ ಇಲ್ಲವಾಗುವುದು ನಮಗೆ ಹೊಸತಲ್ಲ. ಅಂಥ ರಾತ್ರಿಗಳಲ್ಲಿ ಮೀನನ್ನು ಮೊದಲು ಕೊಲ್ಲುವುದು ಚಳಿಯಲ್ಲ, ಉಸಿರಿನ ಕೊರತೆ. ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಒಂದನ್ನು ಮೀನಿಗಿಂತ ಮೊದಲೇ ಕೊಳ್ಳಿರಿ. ಇನ್ವರ್ಟರ್ ಇದ್ದವರು ಹೀಟರನ್ನು ಬಿಟ್ಟು ಪಂಪನ್ನು ಅದಕ್ಕೆ ಜೋಡಿಸಲಿ.

ಇನ್ನು ಮೀನಿನ ಆಯ್ಕೆ. ಇಂದು ಮಾರಾಟಕ್ಕೆ ಬರುವ ಡಿಸ್ಕಸ್‌ಗಳಲ್ಲಿ ಹೆಚ್ಚಿನವು ಅಮೆಝಾನಿನಿಂದ ಹಿಡಿದು ತಂದವಲ್ಲ. ಥೈಲೆಂಡ್, ಮಲೇಶಿಯಾ ಮೊದಲಾದ ದೇಶಗಳಲ್ಲಿ, ನಮ್ಮ ದೇಶದಲ್ಲಿಯೂ ಸಾಕುತೊಟ್ಟಿಗಳಲ್ಲಿ ಹುಟ್ಟಿದವು. ಚೆನ್ನೈಯ ಕೊಳತ್ತೂರು ಅಲಂಕಾರದ ಮೀನುಗಳ ವ್ಯಾಪಾರಕ್ಕೆ ಹೆಸರಾದ ಜಾಗ. ತೊಟ್ಟಿಯಲ್ಲಿ ಹುಟ್ಟಿದ ಮೀನು ಪಿ.ಎಚ್. 6ರಿಂದ 7.5ರವರೆಗೆ ಹೊಂದಿಕೊಳ್ಳಬಲ್ಲುದು. ಅದಕ್ಕೆ ಬೇಕಾದುದು ಇಂಥದ್ದೇ ಅಂಕೆಯಲ್ಲ, ದಿನದಿನಕ್ಕೆ ಹೊಯ್ದಾಡದ ಅಂಕೆ. ಆದುದರಿಂದ ಮಾರುವವನ ತೊಟ್ಟಿಯ ಪಿ.ಎಚ್. ಎಷ್ಟೆಂದು ಕೇಳಿ ತಿಳಿದುಕೊಂಡು ಬರುವುದು ಬಣ್ಣ ನೋಡುವುದಕ್ಕಿಂತ ಮುಖ್ಯ.

ಮೀನಿನ ಕಣ್ಣನ್ನು ಮೊದಲು ನೋಡಿರಿ. ದೇಹಕ್ಕೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಂಡರೆ ಅದು ಮರಿಯಾಗಿದ್ದಾಗ ಹೊಟ್ಟೆಗಿಲ್ಲದೆ, ಒಳ್ಳೆಯ ನೀರಿಲ್ಲದೆ ಕುಗ್ಗಿದ ಮೀನು. ಮುಂದೆ ಎಷ್ಟು ಉಣಿಸಿದರೂ ಬೆಳೆಯದು. ಆಕಾರ ಗುಂಡಗಿರಬೇಕು, ಮುಂದಿನಿಂದ ನೋಡಿದಾಗ ಹಣೆ ತುಂಬಿರಬೇಕು. ಕತ್ತಿಯಂತೆ ತೆಳ್ಳಗಿದ್ದರೆ ಬೇಡ. ಎರಡೂ ಕಿವಿರುಗಳು ಸಮವಾಗಿ, ನಿಧಾನವಾಗಿ ಆಡುತ್ತಿರಬೇಕು; ಒಂದನ್ನೇ ಆಡಿಸುವ, ಏದುಸಿರು ಬಿಡುವ ಮೀನಿಗೆ ಕಿವಿರಿನ ಹುಳುವಿನ ಶಂಕೆಯುಂಟು. ಮೈ ಕಪ್ಪಿಟ್ಟು ಮೂಲೆಯಲ್ಲಿ ತಲೆಯಿಟ್ಟು ನಿಂತ ಮೀನು, ಬಿಳಿಯ ದಾರದಂಥ ಮಲವನ್ನು ಹಾಕುವ ಮೀನು, ತಲೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳಿರುವ ಮೀನು ಅರ್ಧ ಬೆಲೆಗೆ ಸಿಕ್ಕಿದರೂ ದುಬಾರಿ. ಕೊನೆಯ ಪರೀಕ್ಷೆಯೊಂದಿದೆ: ‘ನನ್ನ ಮುಂದೆ ಆಹಾರ ಹಾಕಿ ತೋರಿಸಿ’ ಎಂದು ಕೇಳಿರಿ. ಮುನ್ನುಗ್ಗಿ ತಿನ್ನುವ ಮೀನಿಗಿಂತ ದೊಡ್ಡ ಪ್ರಮಾಣಪತ್ರವಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಡಿಸ್ಕಸಿನ ಮೈಮೇಲೆ ಸಾಮಾನ್ಯವಾಗಿ ಒಂಬತ್ತು ಅಡ್ಡಪಟ್ಟೆಗಳಿರುತ್ತವೆ. ಮೀನು ನೆಮ್ಮದಿಯಲ್ಲಿದ್ದಾಗ ಅವು ಮಸುಕಾಗುತ್ತವೆ, ಹೆದರಿದಾಗ ಅಥವಾ ಅಸ್ವಸ್ಥವಾದಾಗ ಕಪ್ಪಾಗಿ ಎದ್ದು ಕಾಣುತ್ತವೆ. ಮಾತು ಬಾರದ ಪ್ರಾಣಿ ತನ್ನ ದುಃಖವನ್ನು ಮೈಮೇಲೆ ಬರೆದು ತೋರಿಸುವ ಲಿಪಿ ಅದು. 1990ರ ಹೊತ್ತಿಗೆ ಥೈಲೆಂಡಿನಿಂದ ಬಂದ ಪಿಜನ್ ಬ್ಲಡ್ ಎಂಬ ಕೆಂಪು ಛಾಯೆಯ ತಳಿಯಲ್ಲಿ ಈ ಪಟ್ಟೆಗಳಿಲ್ಲ. ನೋಡಲು ಅದು ಬಹು ಚೆಂದ. ಆದರೆ ಹೊಸಬನಿಗೆ ಪಟ್ಟೆಯುಳ್ಳ ನೀಲಿ ಅಥವಾ ಕಂದು ತಳಿಯೇ ಒಳ್ಳೆಯ ಗುರು ಎಂಬುದು ನನ್ನ ಅಭಿಪ್ರಾಯ.

ಒಂದೆರಡು ಮೀನುಗಳನ್ನು ತಂದು ನೋಡೋಣವೆಂಬ ಯೋಚನೆ ಫಲಕಾರಿಯಲ್ಲ. ಸಾಧುವೆಂದೆನಾದರೂ ಇವುಗಳಲ್ಲಿಯೂ ಮೇಲುಕೀಳು ಉಂಟು. ಇಬ್ಬರಿದ್ದರೆ ಬಲಶಾಲಿ ದುರ್ಬಲನನ್ನು ಹಿಂಸಿಸಿ ಉಪವಾಸ ಕೆಡವುತ್ತಾನೆ. ಆರು ಮಂದಿ ಇದ್ದರೆ ಹಿಂಸೆ ಹಂಚಿಹೋಗಿ ಯಾರಿಗೂ ಭಾರವಾಗದು. ಆರನ್ನೂ ಒಂದೇ ಕಡೆಯಿಂದ, ಒಂದೇ ದಿನ, ಸರಿಸುಮಾರು ಒಂದೇ ಗಾತ್ರದಲ್ಲಿ ತರಬೇಕು. ಬೇರೆ ಬೇರೆ ಕಡೆಯ ಮೀನುಗಳು ತಮಗೆ ಒಗ್ಗಿದ, ಇನ್ನೊಂದಕ್ಕೆ ಒಗ್ಗದ ರೋಗಾಣುಗಳನ್ನು ಹೊತ್ತಿರುತ್ತವೆ. ಹೊಸದಾಗಿ ಸೇರಿಸುವುದಾದರೆ ಆರು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಬೇಕು. ಏಳೆಂಟು ಸೆಂಟಿಮೀಟರಿಗಿಂತ ಚಿಕ್ಕ ಮರಿಗಳು ಅಗ್ಗವಾಗಿ ಸಿಗುತ್ತವೆ. ಅವನ್ನು ಬೆಳೆಸುವ ಶ್ರಮ ಅಗ್ಗವಲ್ಲ.

ದೂರದಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮೀನನ್ನು ಇಳಿಸುವ ಕ್ರಮವೂ ಮುಖ್ಯ. ಪ್ರಯಾಣದಲ್ಲಿ ಮೀನು ಬಿಟ್ಟ ಉಸಿರಿನಿಂದ ಚೀಲದ ನೀರು ಹುಳಿಯಾಗಿರುತ್ತದೆ. ಅಲ್ಲಿ ಸೇರಿದ ಅಮೋನಿಯಾ ಸೌಮ್ಯರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿ.ಎಚ್. ಏರತೊಡಗುತ್ತದೆ, ವಿಷ ಜಾಗೃತವಾಗುತ್ತದೆ. ಆದುದರಿಂದ ಮುಚ್ಚಿದ ಚೀಲವನ್ನೇ ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಸಿ ಉಷ್ಣತೆಯನ್ನು ಸಮಗೊಳಿಸಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಮಾತ್ರ ಒಳಗೆ ಬಿಟ್ಟು ಚೀಲದ ನೀರನ್ನು ಹೊರಗೆ ಚೆಲ್ಲಬೇಕು. ಆ ದಿನ ದೀಪ ಬೇಡ, ಆಹಾರ ಬೇಡ, ನೆಂಟರಿಷ್ಟರ ಮೇಳವೂ ಬೇಡ. ಕೆಲವು ದಿನ ತಿನ್ನದಿದ್ದರೂ ಕಂಗೆಡಬಾರದು.

ತಿನಿಸಿಗೆ ಸಿಗಡಿಯ ಮಾಂಸವನ್ನು ಸಿಪ್ಪೆ ತೆಗೆದು ಕೊಚ್ಚಿ ಕೊಡಬಹುದು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೇ ತಿಂಗಳಲ್ಲಿಯೇ ತೊಳೆದು ಶೈತ್ಯಪೆಟ್ಟಿಗೆಯಲ್ಲಿ ಗಡ್ಡೆಗಟ್ಟಿಸಿ ಇಟ್ಟುಕೊಳ್ಳುವುದು ಜಾಣತನ. ಮದ್ದು ಬೀಳದ ಗೊಬ್ಬರದ ಗುಂಡಿಯ ಎರೆಹುಳು, ಅಂಗಡಿಯ ಒಣ ಗುಳಿಗೆಗಳೂ ಆಗುತ್ತವೆ. ಮರಿಗಳಿಗೆ ದಿನಕ್ಕೆ ನಾಲ್ಕೈದು ಸಲ, ಬೆಳೆದವಕ್ಕೆ ಎರಡು ಸಲ. ಐದು ನಿಮಿಷಗಳಲ್ಲಿ ಮುಗಿಯುವಷ್ಟೇ. ಉಳಿದುದನ್ನು ಕೊಳವೆಯಿಂದ ಹೀರಿ ತೆಗೆಯಬೇಕು. ಬೆಳೆಯುವ ಮೀನುಗಳ ತೊಟ್ಟಿಯಲ್ಲಿ ದಿನವೂ ಮೂರನೆಯ ಒಂದು ಪಾಲು, ಎಂದರೆ ಎಂಬತ್ತು ಲೀಟರ್ ನೀರನ್ನು ಬದಲಿಸಬೇಕಾಗುತ್ತದೆ. ದೊಡ್ಡವಕ್ಕೆ ವಾರಕ್ಕೆ ಎರಡು–ಮೂರು ಸಲ ಸಾಕು. ಎಂಟು ಕೊಡಪಾನದ ಈ ಕೆಲಸಕ್ಕೆ ಮನಸ್ಸಿಲ್ಲದವರು ಡಿಸ್ಕಸಿನ ಆಸೆಯನ್ನು ಬಿಡುವುದು ಇಬ್ಬರಿಗೂ ಹಿತ. ಹೊರತೆಗೆದ ನೀರಿನಲ್ಲಿರುವ ನೈಟ್ರೇಟು ಗಿಡಗಳಿಗೆ ಒಳ್ಳೆಯ ಗೊಬ್ಬರ. ನಮ್ಮಲ್ಲಿ ಅದು ವೀಳ್ಯದ ಬಳ್ಳಿಯ ಬುಡಕ್ಕೆ ಹೋಗುತ್ತದೆ; ಉಪ್ಪನ್ನೋ ಔಷಧವನ್ನೋ ಹಾಕಿದ ನೀರನ್ನು ಮಾತ್ರ ಹೊಯ್ಯುವುದಿಲ್ಲ.

ಇಷ್ಟೆಲ್ಲ ಪಾಡುಪಟ್ಟವನಿಗೆ ದೊರೆಯುವ ಫಲವೇನು? ಮೀನುಗಳು ಜೋಡಿ ಕೂಡಿ, ನೆಟ್ಟಗೆ ನಿಲ್ಲಿಸಿದ ಹಂಚನ್ನು ಬಾಯಿಂದ ಉಜ್ಜಿ ಶುಚಿಗೊಳಿಸಿ ಮೊಟ್ಟೆಯಿಡುತ್ತವೆ. ಎರಡೂವರೆ ಮೂರು ದಿನಗಳಲ್ಲಿ ಮರಿ ಹೊರಬರುತ್ತದೆ. ಮತ್ತೆ ಮೂರು ದಿನಗಳಿಗೆ ಈಜತೊಡಗಿ ನೇರವಾಗಿ ತಾಯಿತಂದೆಯರ ಮೈಗೆ ಹೋಗಿ ಅಂಟಿಕೊಳ್ಳುತ್ತದೆ. ಅವುಗಳ ಮೊದಲ ಆಹಾರ ಹೆತ್ತವರ ಚರ್ಮ ಸ್ರವಿಸುವ ಲೋಳೆ. ಹಿಲ್ಡೆಮನ್ ಎಂಬ ವಿಜ್ಞಾನಿ 1959ರಲ್ಲಿ ಈ ವಿಚಿತ್ರವನ್ನು ಕುರಿತು ಬರೆದನು. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಮೊಟ್ಟೆಯಿಟ್ಟ ಮೇಲೆ ಆ ಲೋಳೆಯಲ್ಲಿ ಸಸಾರಜನಕವೂ ರೋಗನಿರೋಧಕ ವಸ್ತುಗಳೂ ಹೆಚ್ಚುತ್ತವೆಂದೂ, ಮೂರು ವಾರಗಳ ಹೊತ್ತಿಗೆ ಹೆತ್ತವರು ಮರಿಗಳಿಂದ ದೂರ ಸರಿದು ಹಾಲು ಬಿಡಿಸುವಂತೆ ಬಿಡಿಸುತ್ತವೆಂದೂ ತೋರಿಸಿತು. ತಂದೆಯೂ ಮೊಲೆಯೂಡುವ ಸಂಸಾರವೆಂದರೆ ಇದೇ ಸರಿ. ನಮ್ಮ ಹಿನ್ನೀರುಗಳಲ್ಲಿರುವ ಕಿತ್ತಳೆ ಬಣ್ಣದ ಸಿಕ್ಲಿಡ್ ಮೀನಿನ ಮರಿಗಳೂ ಹೆತ್ತವರ ಮೈಯ ಲೋಳೆಯನ್ನು ಸವಿಯುತ್ತವೆ ಎಂಬುದು ಅಷ್ಟೇ ಸ್ವಾರಸ್ಯದ ಸಂಗತಿ.

ಕೊನೆಯದಾಗಿ ಒಂದು ಹೊಣೆಗಾರಿಕೆಯ ಮಾತು. ಸಾಕಲು ಆಗದಾಗ ಮೀನನ್ನು ಹೊಳೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ತಿಳಿಯುವವರಿದ್ದಾರೆ. ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಅಕ್ಕಿ ಹಾಕಿ ಕೈಮುಗಿಯುವ ನಾಡು ನಮ್ಮದು. ಹೊಳೆಯ ಮೀನನ್ನು ಕಾಯುವ ಸಂಸ್ಕಾರವನ್ನು ನಮಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಆ ಸಂಸ್ಕಾರವೇ ಈ ಕೆಲಸವನ್ನು ಬೇಡವೆನ್ನುತ್ತದೆ. ತೊಟ್ಟಿಯಿಂದ ಹೊರಬಿದ್ದ ದಕ್ಷಿಣ ಅಮೆರಿಕದ ಗಡಸು ಮೈಯ ಬೆಕ್ಕುಮೀನು ದಕ್ಷಿಣ ಭಾರತದ ನದಿಗಳಲ್ಲಿ ಇಂದು ಬೇರೂರಿದೆ. ಡಿಸ್ಕಸ್ ಬೇರೂರದಿರಬಹುದು; ಅದು ಹೊತ್ತ ಹುಳುವೋ ರೋಗಾಣುವೋ, ನೇತ್ರಾವತಿ–ಕುಮಾರಧಾರೆಯರ ಸೀಮೆಯ ಹೊರತು ಬೇರೆ ಮನೆಯಿಲ್ಲದ ಅದರ ದಾಯಾದಿಗೆ ತಗಲಿದರೆ, ಆ ನಷ್ಟವನ್ನು ತುಂಬಿಕೊಡುವ ಅಂಗಡಿ ಎಲ್ಲಿಯೂ ಇಲ್ಲ. ಸಾಕಲಾಗದ ಮೀನನ್ನು ಸಾಕಬಲ್ಲ ಇನ್ನೊಬ್ಬರಿಗೆ ಕೊಡಿರಿ.

ಡಿಸ್ಕಸ್ ಸಾಕುವವನು ಪ್ರತಿದಿನ ತನ್ನ ಬಾವಿಯ ನೀರನ್ನು ಅಳೆಯುತ್ತಾನೆ. ಅದು ಯಾವಾಗ ಹುಳಿಯಾಯಿತು, ಯಾವಾಗ ಕದಡಿತು, ಮದ್ದು ಬಿಟ್ಟ ವಾರದಲ್ಲಿ ಏನಾಯಿತು ಎಂಬುದು ಅವನಿಗೆ ಗೊತ್ತಿರುತ್ತದೆ. ಅದೇ ನೀರನ್ನು ಅವನೂ ಅವನ ಮಕ್ಕಳೂ ಕುಡಿಯುತ್ತಾರೆ. ಮೀನಿಗಾಗಿ ಕಲಿತ ಎಚ್ಚರ ಮನೆಮಂದಿಗೂ ಒದಗುತ್ತದೆ. ಅಷ್ಟಾದರೆ ಆ ಮೀನಿಗೆ ಕೊಟ್ಟ ಬೆಲೆ ಹೆಚ್ಚಾಯಿತೆಂದು ಯಾರೂ ಹೇಳಲಾರರು.